ಗೊಂಬೆಯ ಹೊಟ್ಟೆಯಲ್ಲಿದ್ದ ಬೀಜ

ಹೊಲಿಗೆಯಕ್ಕ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಬೀಜವೇ ಇರಲಿಲ್ಲ. ತೂತುಬಿದ್ದ ಸಿಪ್ಪೆ, ಹಿಟ್ಟು, ಹುಳು. ಬದುಕಿದ್ದಾಗ ಒಂದೂ ಒಳ್ಳೆಯ ಮಾತಾಡದ ಅತ್ತೆ ಸಾಯುವಾಗ ಕೈಗಿಟ್ಟುಹೋದ ಕೆಂಪು ಚುಕ್ಕೆಯ ಬೀನ್ಸ್ ಬೀಜ ಅದು. ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಪ್ರತಿ ವರ್ಷ ಬೀದಿಗೆಲ್ಲ ಹಂಚಿದ್ದೇನಲ್ಲ, ಯಾರಾದರೂ ಇಟ್ಟಿರುತ್ತಾರೆ ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಟಳು.

"ಅಯ್ಯೋ, ಎಲ್ಲಾ ಬೇಯಿಸಿ ತಿಂದ್ವಲ್ಲಕ್ಕ," ಎಂದ ಕ್ಷೌರದಂಗಡಿಯವನು. ತನ್ನ ಪಕ್ಕದ ಮನೆಯ ಮೇಷ್ಟ್ರ ಹೆಂಡತಿಯೂ ಅದನ್ನೇ ಹೇಳಿದಳು.

"ಒಂದು ಹಿಡಿ ತೆಗೆದಿಡೋಕೆ ನಿಮಗೆಲ್ಲ ಏನು ರೋಗ ಬಂದಿತ್ತು?" ಎಂದು ಹೊಲಿಗೆಯಕ್ಕ ಕೂಗಾಡಿದ್ದೇ ಬಂತು.

ಕೊನೆಯ ಮನೆ ತಲುಪಿದಳು. ಅಲ್ಲಿನ ಮಗುವಿನ ಕೈಯಲ್ಲಿ ಹಿಂದೆ ತಾನೇ ಹೊಲಿದುಕೊಟ್ಟ ಬಟ್ಟೆಗೊಂಬೆ ಕಂಡಿತು. ಅದರ ಹೊಟ್ಟೆಗೆ ಹತ್ತಿಯ ಜೊತೆ ಇದೇ ಬೀಜ ತುಂಬಿದ್ದಳು! ಮಗು ಕಿರುಚಿ ಅತ್ತರೂ ಬಿಡದೆ ಹೊಲಿಗೆ ಬಿಚ್ಚಿದಳು. ಬಣ್ಣಗೆಟ್ಟ ಒಂದು ಹಿಡಿ ಬೀಜ ಸಿಕ್ಕಿತು.

ಕುಂಡಗಳಲ್ಲಿ ಊರಿದಳು. ದಿನಗಳು ಕಳೆದರೂ ಮಣ್ಣು ಬಿರಿಯಲಿಲ್ಲ. ಹೊಲಿಗೆ ಮಿಷಿನ್ ಧೂಳು ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ಒಂದೇ ಒಂದು ಕುಂಡದಲ್ಲಿ ಕೊಕ್ಕೆಯಂತೆ ಬಾಗಿದ ಮೊಳಕೆ ಕಂಡಿತು. ಮುಟ್ಟಲೂ ಹೆದರಿ ಅದರ ಮುಂದೆ ಕೂತಿದ್ದಾಗ ಮೇಷ್ಟ್ರ ಹೆಂಡತಿ ಕಾಂಪೌಂಡಿನಾಚೆಯಿಂದ ಇಣುಕಿದಳು.

"ಬಂತಾ ಅಕ್ಕ? ಕಾಯಿ ಬಿಟ್ರೆ ನಂಗೂ ನಾಲ್ಕು ಬೀಜ ಕೊಡಿ."

"ಈ ಸಲವಾದ್ರೂ ಬೀಜಕ್ಕೆ ಅಂತ ತೆಗೆದಿಡ್ತೀಯಾ?"

"ನಾನ್ಯಾಕೆ ತೆಗೆದಿಡ್ಲಿ?" ಅವಳು ನಕ್ಕಳು. "ಅದಕ್ಕೆ ನೀವಿದ್ದೀರಲ್ಲ!"