ಬೆಟ್ಟದ ಹುಲ್ಲಿಗೆ ಬಸವಕಲ್ಯಾಣದಿಂದ ಫೋನ್

ಬೆಳಗಿನ ಐದೂವರೆ. ಬಸವಕಲ್ಯಾಣದ ಕೋಟೆಯ ಹಿಂದಿನ ಗಲ್ಲಿಗೆ ಹಾಲಿನವರೂ ಇನ್ನೂ ಬಂದಿಲ್ಲ. ಫರಹತ್ ಮಾತ್ರ ಮನೆಯ ಮಾಳಿಗೆ ಮೇಲೆ, ನೀರಿನ ಟಾಕಿಯ ಪಕ್ಕ, ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ನಿಂತಿದ್ದಾರೆ. ಕಿವಿಗೆ ಫೋನು. ಆಚೆ ತುದಿಯಲ್ಲಿ ಸುಮಾರು ನಾನೂರು ಕಿಲೋಮೀಟರ್ ದೂರದ ಸಹ್ಯಾದ್ರಿಯ ಬೆಟ್ಟದೂರು. ಅಲ್ಲಿನ ರೆಸಾರ್ಟಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೇಶರಬಾಯಿ ಎಂಬುವವರ ಜೊತೆ ಮರಾಠಿಯಲ್ಲಿ ಮಾತು ನಡೆದಿದೆ.

ಫೋನ್ ಇಟ್ಟು, ಅವರ ಬಗ್ಗೆ ಬರೆಯಲು ಬಂದ ನನಗೆ ಕನ್ನಡದಲ್ಲಿ ವರದಿ ಒಪ್ಪಿಸುತ್ತಾರೆ. ‘ಮಂಜು ಎದ್ದದಂತ್ರಿ. ಹುಲ್ಲಿನ ಮ್ಯಾಲ ಇಬ್ಬನಿ ಇನ್ನೂ ಅದ. ಏಳು ಗಂಟೆಕ್ಕ ಬಿಸಿಲು ಬೀಳ್ತದ. ಅಲ್ಲಿತನಕ ಕಾಲಿಡಬ್ಯಾಡ್ರಿ ಅಂತ ಡಾಕ್ಟರ್ ಬಾಯಿಗೆ ಈಗ ಹೇಳ್ತೀನಿ.’

ಡಾಕ್ಟರಿಗೆ ಫೋನ್ ಹಚ್ಚುವ ಮೊದಲು ಅದೇ ಮಾತನ್ನು ತಮಗೆ ತಾವೇ ಎರಡು ಸಲ ಹೇಳಿಕೊಳ್ಳುತ್ತಾರೆ. ಕಾರಣವಿದೆ. ಈ ಡಾಕ್ಟರ್ ಬಾಯಿ ಎಂದರೆ ಹುಮನಾಬಾದಿನ ಡಾ. ವಿಜಯಶ್ರೀ. ಎರಡು ವರ್ಷದ ಹಿಂದೆ ಫರಹತ್ ಆರಿಸಿಕೊಟ್ಟ ಬೆಟ್ಟದ ರೆಸಾರ್ಟಿನಲ್ಲೇ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡವರು. ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಗಾಲ್ಫ್ ಆಡುತ್ತಿರುವುದು ಇವತ್ತೇ ಮೊದಲು. ಈ ಸಲದ ಜಾಗವನ್ನು ಆರಿಸಿದವರೂ ಫರಹತ್ತೇ.

ನಲವತ್ತಾರರ ಫರಹತ್ ಓದಿದ್ದು ಏಳನೇ ತರಗತಿವರೆಗೆ, ಉರ್ದು ಶಾಲೆಯಲ್ಲಿ. ಗಂಡ ನಸೀರ್ ಟೂರಿಸ್ಟ್ ಗಾಡಿ ಓಡಿಸುತ್ತಾರೆ. ಗಾಡಿ ನಡೆಸುವಾಗ ಫೋನ್ ಎತ್ತಲು ಬರುವುದಿಲ್ಲ ಎಂದು ಹದಿನಾಲ್ಕು ವರ್ಷದ ಹಿಂದೆ ಅದನ್ನು ಹೆಂಡತಿಯ ಕೈಗೆ ಕೊಟ್ಟರು. ಶುರುವಾದದ್ದು ಹಾಗೆ. ‘ಹೆಣ್ಣಿನ ದನಿ ಕೇಳಿ ಒಬ್ಬಾತ ಮೂರು ಸಲ ಫೋನ್ ಕಟ್ ಮಾಡಿದ. ನಾಲ್ಕನೇ ಸಲ ಅವಗ ನಾನೇ ಮಾಡ್ದೆ, ಅಜ್ಮೀರಕ್ಕ ಹೋಗೂದು ಅದನೋ ಇಲ್ಲೋ ಅಂತ’ ಎಂದು ಈಗ ನಗುತ್ತಾರೆ. ಆತ ಹೋಗಿ ಬಂದ, ಆಮೇಲೆ ತನ್ನ ಇಡೀ ಖಾಂದಾನನ್ನು ಕಳಿಸಿದ.

ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ, ಟೈರಿನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಅವರ ಒಂದು ಕೋಣೆಯ ಟ್ರಾವೆಲ್ ಆಫೀಸಿದೆ. ಒಂಬತ್ತು ವರ್ಷದಿಂದ ದಿನಾ ಏಳೂವರೆಯ ಬಸ್ಸಿಗೆ ಹೋಗುತ್ತಾರೆ. ಶಿರಡಿ, ಶ್ರೀಶೈಲ, ಪಂಢರಪುರ, ಅಜ್ಮೀರ ವರ್ಷವಿಡೀ ಇದ್ದದ್ದೇ. ಏಪ್ರಿಲ್, ಮೇ ಬಂತೆಂದರೆ ಜನ ತಂಪು ಹುಡುಕುತ್ತಾರೆ. ಇಲ್ಲಿಯ ಬಿಸಿಲಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಈ ಸಾಲು ಬರೆಯುವಾಗಲೂ ಬೆನ್ನು ಕುರ್ಚಿಗೆ ಅಂಟಿಕೊಂಡಿದೆ.

ಹೆದ್ದಾರಿ, ರಾಸಾಯನಿಕ ಕಾರ್ಖಾನೆ, ತೊಗರಿ ಅಡತಿ ಮಂಡಿಗಳ ಹುಮನಾಬಾದಿಗೂ ಗಾಲ್ಫಿಗೂ ಎತ್ತಣಿಂದೆತ್ತ ಸಂಬಂಧ ಎಂದು ನಾನೂ ಹುಬ್ಬೇರಿಸಿದ್ದೆ. ಹಿಂದೊಮ್ಮೆ ಒಂದು ಕಾರ್ಖಾನೆಗೆ ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ಕಾಲೊನಿಯ ಹಿಂದಿನ ಬಯಲಿನಲ್ಲಿ ಚೆಂಡು ಬೀಳಿಸುವ ಮೂರು ಕುಳಿ ತೋಡಿಸಿ ಹವ್ಯಾಸ ಹತ್ತಿಸಿ ಹೋದರಂತೆ. ಕಾರ್ಖಾನೆಯ ವೈದ್ಯರಾಗಿದ್ದ ವಿಜಯಶ್ರೀ ಸೇರಿ ಏಳು ಮಂದಿಯನ್ನು ಅದು ಬಿಡಲಿಲ್ಲ. ನಿವೃತ್ತಿಯಾದ ಮೇಲೂ ಬೇಸಿಗೆಗೊಮ್ಮೆ ಬೆಟ್ಟಕ್ಕೆ ಹೋಗಿ ಆಡಿ ಬರುವ ಪರಿಪಾಠ ಇಟ್ಟುಕೊಂಡರು. ಜಾಗ ಹುಡುಕುವ ಕೆಲಸ ಫರಹತ್ ಪಾಲಿಗೆ ಬಂತು. ಗಾಲ್ಫ್ ಆಟವನ್ನು ಅವರು ಇವತ್ತಿನವರೆಗೂ ಕಣ್ಣಿಂದ ನೋಡಿಲ್ಲ.

ನೋಡದ ಜಾಗವನ್ನು ಆರಿಸುವುದಕ್ಕೆ ಅವರದೊಂದು ದಾರಿ ಇದೆ. ಅವರ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಫೋನ್ ನಂಬರುಗಳಿವೆ, ಮ್ಯಾನೇಜರುಗಳದ್ದು ಒಂದೂ ಇಲ್ಲ. ಇರುವವರೆಲ್ಲ ಮಾಲಿಗಳು, ಕಾವಲುಗಾರರು, ಕೋಣೆ ಗುಡಿಸುವವರು, ಇಬ್ಬರು ಅಡುಗೆಯವರು. ‘ಮ್ಯಾನೇಜರ್‌ಗ ಕೇಳಿದ್ರ ಎಲ್ಲಾ ಫಸ್ಟ್ ಕ್ಲಾಸ್ ಅಂತಾನ್ರಿ. ಹುಲ್ಲು ಕಡಿಯೂರಿಗಿ ಸುಳ್ಳು ಹೇಳಿ ಏನ್ ಸಿಗಬೇಕು?’ ಆರು ಗಂಟೆಗೆ ಕೆಲಸ ಶುರುವಾದರೆ ಅವರು ಫೋನ್ ಎತ್ತುವಂತಿಲ್ಲ. ಹಾಗಾಗಿ ಬೇಸಿಗೆಯ ಎರಡು ತಿಂಗಳು ಫರಹತ್ ಐದಕ್ಕೇ ಮಾಳಿಗೆ ಹತ್ತುತ್ತಾರೆ, ಹೊತ್ತು ಏರುವುದರೊಳಗೆ ಹತ್ತು ಹನ್ನೆರಡು ಕಡೆ ಮಾತಾಡಿ ಮುಗಿಸುತ್ತಾರೆ.

ಎರಡು ವರ್ಷದ ಹಿಂದೆಯೂ ಎಲ್ಲವನ್ನೂ ಕೇಳಿದ್ದರು. ಬಿಸಿನೀರು ಬರುತ್ತದೆಯೇ, ಜೋಳದ ರೊಟ್ಟಿ ಸಿಗುತ್ತದೆಯೇ, ಹುಲ್ಲು ಕತ್ತರಿಸಿದೆಯೇ, ಮಂಜು ಎಷ್ಟಕ್ಕೆ ಏಳುತ್ತದೆ ಎಂದೆಲ್ಲ. ಎಲ್ಲ ಉತ್ತರವೂ ಸರಿಯಾಗಿಯೇ ಇತ್ತು. ಇಳಿಜಾರಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಐದನೇ ಕುಳಿಯ ಹತ್ತಿರ, ಬಿಸಿಲೇ ತಾಗದ ಮರದ ನೆರಳಿನ ಇಳಿಜಾರಿನಲ್ಲಿ ಡಾಕ್ಟರು ಜಾರಿದರು. ನಸೀರ್ ಹಿಂದಿನ ಸೀಟಿನಲ್ಲಿ ಗಾಲ್ಫ್ ಬ್ಯಾಗು ಜೋಡಿಸಿ, ಅದರ ಮೇಲೆ ಅವರ ಕಾಲಿಟ್ಟು, ಘಾಟಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು.

‘ಒಂದು ತಿಂಗಳು ಅವರ ಮನಿ ಕಡಿ ಹೋಗಲಿಲ್ರಿ, ಮುಖ ಹ್ಯಾಂಗ ತೋರಸಲಿ? ಕಡೀಗಿ ಹೋಗಿ ಬಾಗಿಲದಾಗ ನಿಂತು ಅತ್ತೆ. ಅವರು, ನೀ ದೂಡೀದೇನು ನನಗ? ಒಳಗ ಬಾ, ಚಾ ಕುಡಿ ಅಂದ್ರು. ಬೈದಿದ್ರ ಚಲೋ ಇತ್ತು.’ ಅಲ್ಲಿಂದಾಚೆ ಫರಹತ್ ಗಾಲ್ಫಿನವರ ಕೆಲಸವನ್ನೇ ಬಿಟ್ಟರು. ಹೋದ ವರ್ಷ ಆ ಏಳು ಮಂದಿ ಎಲ್ಲಿಗೂ ಹೋಗಲಿಲ್ಲ.

ಈ ಮಾರ್ಚಿನಲ್ಲಿ ಡಾ. ವಿಜಯಶ್ರೀ ಕೋಲೂರಿಕೊಂಡು ಆಫೀಸಿಗೇ ಬಂದರು. ಮೇ ತಿಂಗಳಿಗೆ ಜಾಗ ನೋಡು ಎಂದರು. ಬೇಡ, ಬೇರೆಯವರಿಗೆ ಹೇಳಿ ಎಂದು ಫರಹತ್ ಕೈಮುಗಿದರು. ಅದಕ್ಕೆ ಡಾಕ್ಟರು ಕೊಟ್ಟ ಉತ್ತರವನ್ನು ಅವರು ಅಕ್ಷರಕ್ಕಕ್ಷರ ನೆನಪಿಟ್ಟುಕೊಂಡಿದ್ದಾರೆ: ‘ಬ್ಯಾರೇದವ್ರು ಇನ್ನಾ ತಪ್ಪು ಮಾಡಿಲ್ಲ ಫರಹತ್. ನೀ ಮಾಡೀದಿ. ಏನ್ ಕೇಳಬೇಕಂತ ನಿನಗ ಗೊತ್ತಿರ್ತದ.’

ಗೊತ್ತಿತ್ತು. ಮೂರು ವಾರ, ಏಳು ರೆಸಾರ್ಟು, ಎಲ್ಲ ಕಡೆಯ ಮಾಲಿಗಳಿಗೂ ಒಂದೇ ಹೊಸ ಪ್ರಶ್ನೆ: ‘ನೀವು ಎಲ್ಲಿ ಜಾರ್ತೀರಿ?’

ಬಣ್ಣದ ಪುಸ್ತಿಕೆಯಲ್ಲಿ ಸ್ವರ್ಗದಂತೆ ಕಾಣುತ್ತಿದ್ದ ಒಂದು ಕಡೆ ಮಾಲಿ ನಕ್ಕು, ಎರಡನೇ ಕುಳಿಗೆ ನಾವು ಕೂತುಕೊಂಡೇ ಇಳಿಯುತ್ತೇವೆ ಎಂದ. ಅದಕ್ಕೆ ಅಲ್ಲೇ ಗೀಟು ಬಿತ್ತು. ಇನ್ನೊಂದು ಕಡೆ ಬ್ಯಾಟರಿ ಗಾಡಿ ಇದೆ ಎಂದರು. ಡಾಕ್ಟರಿಗೆ ನಡೆಯಬೇಕಿತ್ತು, ಆ ಆಸೆಗೇ ಅಲ್ಲವೇ ಎರಡು ವರ್ಷ ಕಾಲು ಪಳಗಿಸಿದ್ದು? ಅದೂ ಹೋಯಿತು. ಏಳನೇ ಫೋನಿಗೆ ಸಿಕ್ಕವರು ಐವತ್ತೆಂಟರ ಕೇಶರಬಾಯಿ. ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಇದನ್ನು ಯಾರೂ ಕೇಳಿಲ್ಲ ಎಂದರು. ಆಮೇಲೆ, ನನ್ನವು ಎರಡೂ ಮೊಣಕಾಲು ಹೋಗಿವೆ ತಾಯಿ, ಎಲ್ಲಿ ಹೇಗೆ ನಡೆಯಬೇಕೆಂದು ನನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ ಎಂದರು.

ಮರುದಿನ ಬೆಳಿಗ್ಗೆ, ಕೆಲಸ ಶುರುವಾಗುವ ಮೊದಲೇ, ಕೇಶರಬಾಯಿ ಫೋನ್ ಹಿಡಿದುಕೊಂಡೇ ಒಂಬತ್ತೂ ಕುಳಿ ನಡೆದರು. ಇಲ್ಲಿ ನೋವಿಲ್ಲ, ಇಲ್ಲೂ ಇಲ್ಲ, ಇಲ್ಲಿ ಸ್ವಲ್ಪ ಎಂದು ಅವರು ಹೇಳುತ್ತ ಹೋದ ಹಾಗೆ ಫರಹತ್ ಬರೆದುಕೊಂಡರು. ಏಳನೇ ಕುಳಿಯೊಂದಕ್ಕೆ ಮಾತ್ರ ನೇರ ಇಳಿಯಬಾರದು, ಪಂಪ್ ಮನೆಯ ಹಿಂದಿನ ಸಮತಟ್ಟು ದಾರಿ ಹಿಡಿಯಬೇಕು. ಆ ಕಾಗದವನ್ನು ಡಾಕ್ಟರು ಪರ್ಸಿನಲ್ಲಿಟ್ಟುಕೊಂಡು, ಉಳಿದ ಆರು ಮಂದಿಯ ಜೊತೆ, ನಿನ್ನೆ ನಸೀರರ ಗಾಡಿಯಲ್ಲಿ ಹೊರಟು ಸಂಜೆ ಬೆಟ್ಟ ಸೇರಿದ್ದಾರೆ.

ಇವತ್ತು ಏಳೂವರೆಯ ಬಸ್ಸಿನಲ್ಲಿ ಫರಹತ್ ಪಕ್ಕ ಕೂತು ನಾನೂ ಹುಮನಾಬಾದಿಗೆ ಬರುತ್ತೇನೆ. ದಾರಿಯುದ್ದಕ್ಕೂ ಅವರು ಮಡಿಲಲ್ಲಿಟ್ಟ ಫೋನನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಾರೆ. ಒಂಬತ್ತೂವರೆಗೆ ಆಟ ಮುಗಿಯಬೇಕು. ಒಂಬತ್ತೂವರೆ ದಾಟುತ್ತದೆ. ಪಂಢರಪುರಕ್ಕೆ ಸೀಟು ಕೇಳಲು ಬಂದ ಕಮಳಾಬಾಯಿ ಎಂಬ ಹಿರಿಯರಿಗೆ ತಾರೀಖು ತಪ್ಪು ಬರೆದುಕೊಡುತ್ತಾರೆ. ‘ಇದೇನವ್ವಾ, ಹೋದ ತಿಂಗಳಿಗಿ ಕಳಸಾಕತ್ತೀದಿ ನನಗ?’ ಎಂದು ಆಕೆ ಚೀಟಿ ವಾಪಸ್ ಕೊಡುತ್ತಾರೆ. ಹತ್ತಾಯಿತು. ನಾನೂ ಗಡಿಯಾರ ನೋಡತೊಡಗುತ್ತೇನೆ.

ಹತ್ತೂ ಕಾಲಿಗೆ ವಿಡಿಯೊ ಕಾಲ್. ಪರದೆಯ ತುಂಬ ಡಾಕ್ಟರ ಬೆವೆತ ಮುಖ. ‘ಒಂಬತ್ತೂ ಮುಗಿಸ್ದೆ ಫರಹತ್! ಕೋಲು ಗಾಡ್ಯಾಗೇ ಬಿಟ್ಟು ಹೋಗಿದ್ದೆ. ಏಳನೇದಕ್ಕ ಈಕಿ ಕೈ ಹಿಡಕೊಂಡು ಪಂಪ್ ಮನಿ ದಾರೀಲೆ ಹೋದೆ, ಅದಕ್ಕೇ ಹೊತ್ತಾತು.’ ಫೋನ್ ಪಕ್ಕಕ್ಕೆ ತಿರುಗುತ್ತದೆ. ಡಾಕ್ಟರು ಕೂತ ಬೆಂಚಿನ ಮೇಲೆಯೇ, ಒಂಬತ್ತು ಗಜದ ನೌವಾರಿ ಸೀರೆಯುಟ್ಟ ಪುಟ್ಟ ಹೆಂಗಸು ಕೇಶರಬಾಯಿ ತಮ್ಮ ಮೊಣಕಾಲು ಒತ್ತಿಕೊಳ್ಳುತ್ತ ನಾಚಿ ನಗುತ್ತಿದ್ದಾರೆ.

ಫರಹತ್ ಒಂದು ಗಳಿಗೆ ಬೆಪ್ಪಾಗಿ ನೋಡಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಅಳುವೋ ನಗುವೋ, ಎರಡೂ ಇದ್ದಂತಿದೆ. ಎರಡು ವರ್ಷದ ಭಾರ ಇಳಿದ ಮೇಲೆ ಮನುಷ್ಯರು ಹೇಗೆ ಉಸಿರು ಬಿಡುತ್ತಾರೆಂದು ನಾನು ಇವತ್ತು ಕಂಡೆ. ಕಮಳಾಬಾಯಿ ತಮ್ಮ ಚೀಟಿ ಮರೆತು, ಏನೊಂದೂ ತಿಳಿಯದಿದ್ದರೂ, ಅವರ ಬೆನ್ನು ಸವರುತ್ತಾರೆ.

ಚಹಾ ಬರುತ್ತದೆ. ಒಮ್ಮೆಯಾದರೂ ಆ ಬೆಟ್ಟಕ್ಕೆ ಹೋಗಿ ಆಟ ನೋಡುವ ಆಸೆಯಿಲ್ಲವೇ ಎಂದು ಕೇಳುತ್ತೇನೆ.

‘ಆಟ ನೋಡಿ ನಾ ಏನ್ ಮಾಡ್ಲಿ ಸರ್? ಮಳಿಗಾಲದಾಗ ಮೈದಾನ ಬಂದ್ ಇರ್ತದ, ಕೇಶರ ಅಕ್ಕಗ ಕೆಲಸ ಇರಂಗಿಲ್ಲ. ಇಲ್ಲಿಗಿ ಕರಸಬೇಕು, ಡಾಕ್ಟರ್ ಬಾಯಿಗಿ ತೋರಸಬೇಕು ಅಂತ ಮಾಡೀನಿ. ಆಕಿ ಮೊಣಕಾಲು ಕೇಳಿ ಜಾಗಾ ಆರಿಸ್ದೆ. ಆ ಮೊಣಕಾಲಿಗಿ ಏನಾಗ್ಯದಂತ ಯಾರರ ಕೇಳಬೇಕಲ್ರಿ?’

ಕಮಳಾಬಾಯಿಯ ಚೀಟಿಯಲ್ಲಿ ತಾರೀಖು ತಿದ್ದಿ ಕೊಟ್ಟು ಫರಹತ್ ನೋಟ್‌ಬುಕ್ ನನ್ನ ಕಡೆ ತಿರುಗಿಸುತ್ತಾರೆ. ಜೂನ್ ಇಪ್ಪತ್ತು, ಕೇಶರಬಾಯಿ, ಕಿಟಕಿ ಪಕ್ಕದ ಸೀಟು. ಎದುರಿಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ಬಸ್ಸಿನ ಮೆಟ್ಟಿಲು ಎತ್ತರ, ಇಳಿಸಿಕೊಳ್ಳಲು ನಾನೇ ನಿಲ್ದಾಣಕ್ಕೆ ಹೋಗುವುದು.