ಹಗೇವಿಗಿಳಿದ ಗಿಟಾರು

ನಾನು ಹೇಳುವುದನ್ನು ನೀವು ನಂಬುವುದಿಲ್ಲ, ಬರೆದುಕೊಡುತ್ತೇನೆ. ನಮ್ಮ ಕ್ಲಾಸಿನಲ್ಲಿ ಒಬ್ಬನೂ ನಂಬಿಲ್ಲ. ನನ್ನ ಮಾತಿನಲ್ಲಿ ಅರ್ಧ ಕಳೆದು ಕೇಳುವುದು ಅವರಿಗೆ ರೂಢಿ. ಈ ಸಲ ಅರ್ಧ ಕಳೆದರೂ ಒಬ್ಬ ಹುಡುಗನ ಪ್ರಾಣ ಉಳಿದುಕೊಳ್ಳುತ್ತದೆ, ನೋಡಿ.

ನನ್ನ ಗೆಳೆಯನ ಮನೆಯವರದು ಶಿಕಾರಿಪುರದಲ್ಲಿ ಮೈಕ್‌ಸೆಟ್ ಅಂಗಡಿ. ಮದುವೆ, ಉರುಸು, ನಾಟಕ, ಎಲ್ಲಕ್ಕೂ ಅವರದೇ ಹಾರ್ನು. ಅವನು ಹುಟ್ಟಿದಾಗ ಅಳುವ ಬದಲು ‘ಹಲೋ, ಮೈಕ್ ಟೆಸ್ಟಿಂಗ್’ ಅಂದನಂತೆ; ಸೂಲಗಿತ್ತಿಯೇ ಸಾಕ್ಷಿ. ಯಾವುದೋ ಆರ್ಕೆಸ್ಟ್ರಾದವರು ಕುತ್ತಿಗೆ ಮುರಿಯಿತೆಂದು ಬಿಸಾಕಿದ್ದ ಗಿಟಾರಿಗೆ ಅವನು ಪಟ್ಟಿ ಕಟ್ಟಿದ್ದ. ಆ ಪಟ್ಟಿ ನೋಡಿದರೆ ಸರ್ಕಾರಿ ಆಸ್ಪತ್ರೆಯವರು ಕರೆದು ಕೆಲಸ ಕೊಡಬೇಕು. ಹಳೇ ಟೆಲಿಫೋನಿನ ಅಯಸ್ಕಾಂತವನ್ನು ತಂತಿಗಳ ಕೆಳಗೆ ಅಂಟಿಸಿ, ಆಂಪ್ಲಿಫೈಯರಿಗೆ ಸಿಕ್ಕಿಸಿದ್ದ.

ಆದರೆ ಅವನು ಹಾಡು ನುಡಿಸುತ್ತಿರಲಿಲ್ಲ. ಒಂದು ತಂತಿ ಮೀಟಿ ಅದು ಸಾಯುವವರೆಗೂ ಕಾಯುತ್ತಿದ್ದ. ಆಮೇಲೆ ಇನ್ನೊಂದು. ರೇಡಿಯೋದ ಮುಳ್ಳು ಎರಡು ಸ್ಟೇಷನ್ನುಗಳ ನಡುವೆ ಸಿಕ್ಕಿಕೊಂಡಾಗ ಬರುವ ‘ಕುಂಯ್’ ಸದ್ದನ್ನು ಅದರ ಹಿಂದೆ ಸಣ್ಣಗೆ ಬಿಡುತ್ತಿದ್ದ. ಮೊದಲ ಸಲ ಕೇಳಿದಾಗ ಅವನ ಅಬ್ಬಾ ಸೆಟ್ಟು ಕೆಟ್ಟಿದೆಯೆಂದು ಸ್ಕ್ರೂಡ್ರೈವರ್ ತಂದಿದ್ದರು. ಇದೆಂಥ ಹಾಡೋ ಎಂದು ನಾನು ಕೇಳಿದ್ದಕ್ಕೆ, ಹಾಡಲ್ಲ, ಮನಸ್ಸಿನೊಳಗೆ ಹಿಂಗೇ ಕೇಳ್ತತಿ ಎಂದಿದ್ದ. ನನ್ನ ಮನಸ್ಸಿನೊಳಗೆ ಮಂಡಕ್ಕಿ ಮಿರ್ಚಿ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಬೊಂಬಾಯಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಅವನ ಮಾಮು ಊರಿಗೆ ಬಂದಿದ್ದರು. ಒಂದು ಟೇಪು ಮಾಡಿಕೊಡು, ದೊಡ್ಡವರಿಗೆ ಕೇಳಿಸುತ್ತೇನೆ, ಹಿಡಿಸಿದರೆ ಕರೆಸಿಕೊಳ್ಳುತ್ತೇನೆ ಅಂದಿದ್ದರು. ನಾನು ಹೇಳುತ್ತಿರುವ ದಿನದ ಮರುದಿನ ಬೆಳಿಗ್ಗೆಯೇ ಅವರ ಬಸ್ಸು. ಟೇಪು ಆಗದಿದ್ದರೆ ಹಾರ್ನು ಹೊತ್ತು ಮರ ಹತ್ತುವುದೇ ನನ್ನ ಗೆಳೆಯನ ಗತಿ.

ಜಾಗ ತೋರಿಸಿದ್ದು ನಾನೇ. ನಮ್ಮ ಹಿತ್ತಲಲ್ಲಿ ಜೋಳ ತುಂಬಿಡುವ ಹಗೇವು ಇತ್ತು. ನೆಲದೊಳಗೆ ಹೂಜಿಯ ಆಕಾರಕ್ಕೆ ತೋಡಿದ ಗುಂಡಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಅದರ ಮೇಲೊಂದು ಕಲ್ಲು ಚಪ್ಪಡಿ. ಚಪ್ಪಡಿ ಎರಡು ಎಮ್ಮೆ ತೂಕ. ಸರಿ, ಒಂದು ಎಮ್ಮೆ. ಸರಿ ಮಾರಾಯ್ರೆ, ಕರು. ಆ ವರ್ಷ ಹಗೇವು ಖಾಲಿ. ಬಗ್ಗಿ ಕೆಮ್ಮಿದರೆ ಒಳಗೆ ಇಡೀ ಸಂತೆಗೆ ನೆಗಡಿಯಾದಂತೆ ಕೇಳುತ್ತಿತ್ತು.

ಹಗೇವಿನ ಗಾಳಿ ಕೆಟ್ಟದ್ದು ಅಂತ ನಮ್ಮ ಕಡೆ ಕೂಸಿಗೂ ಗೊತ್ತು. ಜೋಳ ತೆಗೆಯಲು ಇಳಿದವರು ಕೂತಲ್ಲೇ ನಿದ್ದೆ ಬಂದವರಂತೆ ಹೋಗಿಬಿಟ್ಟಿದ್ದುಂಟು. ಬಾಯಿ ತೆಗೆದು ಗಾಳಿಯಾಡಲು ಬಿಡಬೇಕು, ಲಾಟೀನು ಇಳಿಸಬೇಕು, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ನಾವು ಹಿಂದಿನ ದಿನವೇ ಕದ್ದು ಚಪ್ಪಡಿ ಸರಿಸಿಟ್ಟಿದ್ದೆವು. ಅವತ್ತು ಅಪ್ಪ ಅಮ್ಮ ಸೊರಬಕ್ಕೆ ಅತ್ತೆಯ ಮಗಳ ಸೀಮಂತಕ್ಕೆ ಹೋದ ಮೇಲೆ ಲಾಟೀನು ಇಳಿಸಿದೆವು. ಚೆನ್ನಾಗಿ ಉರಿಯಿತು. ಗೆಳೆಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಗಿಟಾರು, ಮೈಕು, ಲಾಟೀನಿನ ಜೊತೆ ಕೆಳಗೆ ಕೂತ. ಸುಸ್ತಾದರೆ ಹಗ್ಗ ಎಳೆಯುವುದು ಅಂತ ಮಾತಾಯಿತು. ನಾನು ಮೇಲೆ ಹೆಡ್‌ಫೋನು ಹಾಕಿಕೊಂಡು, ಸ್ಪೂಲಿನ ಟೇಪ್‌ರೆಕಾರ್ಡರ್ ಮುಂದೆ ಸ್ಟುಡಿಯೋ ಮಾಲೀಕನಂತೆ ಕಾಲು ಚಾಚಿದೆ.

ಅಷ್ಟರಲ್ಲಿ ಹಿಂದಿನ ರಸ್ತೆಯ ಅಕ್ಕಿ ಗಿರಣಿ ಶುರುವಾಯಿತು. ಟೇಪಿನ ತುಂಬ ಗಿರಣಿ.

“ಚಪ್ಪಡಿ ಮುಚ್ಚೋ,” ಎಂದ ಕೆಳಗಿನಿಂದ.

ಮುಚ್ಚಿದೆ. ವೈರು, ಹಗ್ಗ ಹೊರಗೆ ಬಿಟ್ಟು ಉಳಿದ ಸಂದಿಗೆಲ್ಲ ಗೋಣಿಚೀಲ ಒತ್ತೊತ್ತಿ ತುರುಕಿದೆ. ಗಿರಣಿ ಸತ್ತುಹೋಯಿತು.

ಆಮೇಲೆ ಕೇಳಿದ್ದನ್ನು ಹೇಗೆ ಹೇಳಲಿ. ಒಂದು ತಂತಿ ಮೀಟಿದರೆ ಆ ನಾದ ಗೋಡೆ ಸುತ್ತಿ, ಸುತ್ತಿ, ಕುಳಿತುಕೊಳ್ಳಲು ಜಾಗ ಸಿಗದೆ ಮತ್ತೆ ಬರುತ್ತಿತ್ತು. ನನಗೂ, ನಾನು ಅಂದರೆ ನಾನು, ಕಣ್ಣು ಒದ್ದೆಯಾಯಿತು. ಹೋಗುತ್ತ ಹೋಗುತ್ತ ಅವನು ಇನ್ನೂ ನಿಧಾನ ಮಾಡಿದ. ಒಂದು ಮೀಟಿಗೂ ಇನ್ನೊಂದಕ್ಕೂ ನಡುವೆ ನಮ್ಮ ಮೇಷ್ಟರು ಹಾಜರಿ ಮುಗಿಸಬಹುದಿತ್ತು. ಎಂಥ ಜಾಣ, ಬೊಂಬಾಯಿಯವರು ರೈಲು ಕಳಿಸುತ್ತಾರೆ ಅಂದುಕೊಂಡೆ.

ಆಗ ಮೈಕಿನಲ್ಲಿ ಅವನ ದನಿ ಬಂತು, ಹಾಸಿಗೆಯಲ್ಲಿ ಮಾತಾಡುವವರ ಹಾಗೆ.

“ದೀಪ ಆರ್ತು ಕಣೋ. ಇರ್ಲಿ ಬಿಡು. ಕತ್ಲೇನೇ ಚಲೋ ಐತಿ.”

ಸ್ಪೂಲಿನಲ್ಲಿ ಟೇಪು ಇನ್ನು ಸ್ವಲ್ಪವೇ ಇತ್ತು. ನಾನು ಸ್ಪೂಲು ನೋಡಿದೆ, ಚಪ್ಪಡಿ ನೋಡಿದೆ. ಇನ್ನೊಂದು ಮೀಟು ಬಂತು. ಮುಂದಿನದು ಬರಲಿಲ್ಲ. ಹಗ್ಗ ಎಳೆದೆ, ಕೆಳಗಿನಿಂದ ಯಾರೂ ಎಳೆಯಲಿಲ್ಲ. ಚಪ್ಪಡಿಗೆ ಕೈ ಹಾಕಿದೆ. ನಾನೇ ತುರುಕಿದ ಚೀಲಗಳು ಅದನ್ನು ಕಚ್ಚಿ ಹಿಡಿದಿದ್ದವು. ಹೆಡ್‌ಫೋನು ಕಿವಿಯಲ್ಲೇ ಇತ್ತು. ಅದರಲ್ಲಿ ಅವನ ಉಸಿರು, ಕಮ್ಮಾರನ ಹರಿದ ತಿದಿಯ ಹಾಗೆ.

ಎಮ್ಮೆಯ ಹಾಲು ಕರೆಯುವವರಿಲ್ಲವೆಂದು ಅಪ್ಪ ಒಬ್ಬರೇ ಸೊರಬದಿಂದ ವಾಪಸ್ ಬಂದಿದ್ದರು. ಹಿತ್ತಲ ಬಾಗಿಲಲ್ಲಿ ನಿಂತು ವೈರು, ಹಗ್ಗ, ನನ್ನ ಮುಖ ನೋಡಿದರು.

“ಒಳಗೆ ಯಾರದಾರೆ?”

“ಮೈಕ್‌ಸೆಟ್‌ನವ್ರ ಹುಡುಗ,” ಅಂದೆ.

ಅಪ್ಪ ಹಾರೆ ತಂದು ಚಪ್ಪಡಿ ಮೀಟಿದರು, ಕಾಲು ಊರಿ ಹಗ್ಗ ಎಳೆದರು. ಅವನು ಮೂಟೆಯ ಹಾಗೆ ಬಂದ. ತುಟಿ ನೇರಳೆ ಹಣ್ಣು ತಿಂದವನದು. ಅಪ್ಪ ಮುಖಕ್ಕೆ ನೀರು ಹೊಡೆದರು, ಎದೆ ತಿಕ್ಕಿದರು, ತಮ್ಮ ದೇವರನ್ನೂ ಇವನ ದೇವರನ್ನೂ ಕರೆದರು. ಬಲಗೈಯ ಹೆಬ್ಬೆರಳೊಂದು ಮಾತ್ರ ಇಲ್ಲದ ತಂತಿಯನ್ನು ಮೀಟುತ್ತಿತ್ತು. ಕೊನೆಗೆ ವಾಂತಿ ಮಾಡಿಕೊಂಡ, ಕಣ್ಣು ಬಿಟ್ಟ. ನೋಡಿದ್ದು ನನ್ನನ್ನು.

“ರೆಕಾರ್ಡ್ ಆತೇನೋ?”

“ಆತು,” ಅಂದೆ. ಅವನು ನಕ್ಕ.

ಆ ನಗು ನೋಡಿದ ಮೇಲೆ ಅಪ್ಪ ಎದ್ದರು. ಮಷೀನಿನಿಂದ ಸ್ಪೂಲು ತೆಗೆದುಕೊಂಡರು.

“ಇದು ಇದ್ರೆ ನಾಳೆ ಮತ್ತೆ ಇಳೀತೀಯ ನೀನು,” ಎಂದು ಮೆಲ್ಲಗೆ ಹೇಳಿ, ಬಚ್ಚಲ ಒಲೆಯ ಕೆಂಡಕ್ಕೆ ಹಾಕಿದರು.

ಗೆಳೆಯ ಬೇಡ ಅನ್ನಲು ಬಾಯಿ ತೆರೆದ. ಅಷ್ಟು ಉಸಿರು ಅವನಲ್ಲಿ ಇನ್ನೂ ಬಂದಿರಲಿಲ್ಲ.