ಬಳೆ ಸದ್ದಿನ ಮನೆ

ಅಜ್ಜಂಪುರದ ಹಳೇ ಬೀದಿಗಳಲ್ಲಿ ದೆವ್ವಗಳಿಗೇನೂ ಕೊರತೆಯಿರಲಿಲ್ಲ. ರೈಲ್ವೆ ಗೇಟಿನಾಚೆಯ ಹುಣಸೆಮರಕ್ಕೊಂದು, ಪಾಳುಬಾವಿಗೊಂದು, ಬಾಗಿಲು ಹಾಕಿದ ಅಕ್ಕಿ ಗಿರಣಿಗೊಂದು. ಅವುಗಳ ಜೊತೆಯಲ್ಲೇ ಬೆಳೆದವಳು ನಾನು, ಯಾವುದರ ಮೇಲೂ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದು ಸತ್ತ ನನ್ನ ಅಮ್ಮನನ್ನೂ ಅವುಗಳ ಸಾಲಿಗೆ ಸೇರಿಸಿದಾಗ.

ಅಮ್ಮ ತೀರಿಕೊಂಡ ಮೇಲೆ ಮನೆ ನನ್ನ ಹೆಸರಿಗೆ ಖಾತೆಯಾಯಿತು. ನನಗೆ ಕಡೂರಿನಲ್ಲಿ ಕೆಲಸ, ಬಾಡಿಗೆಗೆ ಕೊಡೋಣವೆಂದುಕೊಂಡೆ. ಮೊದಲು ಬಂದ ಮೇಷ್ಟ್ರು ಹದಿನೈದೇ ದಿನಕ್ಕೆ ಬೀಗದ ಕೈ ವಾಪಸ್ ಕೊಟ್ಟರು. ಆಮೇಲೆ ಬಂದ ನರ್ಸಮ್ಮ ಹಾಲುಕ್ಕಿಸಿ ವಾರ ಕಳೆಯುವುದರೊಳಗೆ ಸಾಮಾನು ಕಟ್ಟಿದರು. ಬಿಡದೆ ಕೇಳಿದ್ದಕ್ಕೆ ಬಾಯಿಬಿಟ್ಟರು. ಮಟಮಟ ಮಧ್ಯಾಹ್ನ ಒಳಮನೆಯಲ್ಲಿ ಅಮ್ಮ ಓಡಾಡುತ್ತಾಳಂತೆ, ಕೈತುಂಬ ಗಾಜಿನ ಬಳೆಯ ಸದ್ದು ಕೇಳುತ್ತದಂತೆ, ಪಕ್ಕದ ಮನೆ ಅಜ್ಜಿಯೇ ಹೇಳಿದರಂತೆ.

ಪಕ್ಕದ ಮನೆ ಅಜ್ಜಿ ಎಂದರೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ನಡುವಿನ ಗೋಡೆ ಒಡೆದು ಎರಡೂ ಮನೆ ಒಂದು ಮಾಡಿಕೊಳ್ಳಬೇಕೆಂದು ಅವರಿಗೆ ಬಹಳ ಕಾಲದ ಆಸೆ. ದೆವ್ವವಿರುವ ಮನೆ ಬೇರೆ ಯಾರಿಗೆ ಬೇಕು? ಉಪಾಯವೇನೋ ಚೆನ್ನಾಗಿತ್ತು. ಆದರೆ ಸುಳ್ಳು ಹೇಳುವ ಭರದಲ್ಲಿ ಅತ್ತೆ ಒಂದನ್ನು ಮರೆತಿದ್ದರು. ಅಮ್ಮನ ಕೈಯಲ್ಲಿ ಬಳೆಯೇ ಇರಲಿಲ್ಲ.

ಅಪ್ಪ ಸತ್ತ ಹತ್ತನೇ ದಿನ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅಮ್ಮನ ಕೈ ಒತ್ತಿ ಹಿಡಿದು ಬಳೆ ಒಡೆದವರು ಇದೇ ಅತ್ತೆ. ತಾವೂ ಗಂಡನನ್ನು ಕಳೆದುಕೊಂಡವರು, ಆ ನೋವು ಗೊತ್ತಿದ್ದವರು. ಒಡೆಯಬೇಡಿ ಅತ್ತಿಗೆ, ಮೆಲ್ಲಗೆ ತೆಗೆಯಿರಿ ಎಂದು ಅಮ್ಮ ಬೇಡಿಕೊಂಡಳು. ಕೇಳಲಿಲ್ಲ. ಮಣಿಕಟ್ಟಿನಿಂದ ರಕ್ತ ಬಂತು. ನಾನಾಗ ಹತ್ತನೇ ಕ್ಲಾಸು, ಅಲ್ಲೇ ನಿಂತು ನೋಡಿದ್ದೆ. ಅಮ್ಮ ಸಾಯುವವರೆಗೂ ಬರಿಗೈಯಲ್ಲೇ ಇದ್ದಳು. ಬಳೆಗಾರ ಬೀದಿಗೆ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು.

ಮುಂದಿನ ಭಾನುವಾರ ಬಸ್ಸು ಹತ್ತಿದೆ. ಅತ್ತೆ ಜಗಲಿಯಲ್ಲಿ ಬೀದಿಯ ಹೆಂಗಸರ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ಜಗಳವಾಡಲೆಂದೇ ಹೋಗಿದ್ದೆ. ಆದರೆ ಸುಳ್ಳು ಬಯಲಾದರೆ ಎರಡು ದಿನ ಮುಖ ಸಣ್ಣಗೆ ಮಾಡಿಕೊಂಡು ಸುಮ್ಮನಾಗುತ್ತಾರೆ, ಅಷ್ಟೆ. ಅಷ್ಟು ನನಗೆ ಸಾಲದು ಅನ್ನಿಸಿತು. ಪಕ್ಕದಲ್ಲಿ ಕೂತು, ನಾಲ್ಕು ಕಾಯಿ ಸುಲಿದು, ಬಳೆ ಸದ್ದು ಕೇಳಿದ್ದು ನಿಜವೇ ಎಂದೆ. ದೇವರಾಣೆಗೂ ನಿಜ ಎಂದರು.

"ಹಂಗಾದ್ರೆ ಅಮ್ಮನೇ ಬಿಡಿ ಅತ್ತೆ," ಎಂದೆ. "ಸಾಯೋಗಂಟ ಬರಿಗೈಲಿದ್ಳು. ಈಗ ಬಳೆ ಹಾಕ್ಕೊಂಡು ಬಂದವ್ಳೆ ಅಂದ್ರೆ, ಒಡೆದೋರ್ನ ಹುಡುಕ್ಕೊಂಡೇ ಬಂದಿರೋದು."

ಸುಲಿಯುವ ಕೈಗಳೆಲ್ಲ ನಿಂತವು. ಹೆಂಗಸರು ಅತ್ತೆಯ ಮುಖವನ್ನೇ ನೋಡಿದರು. ಅವತ್ತು ಹಿತ್ತಲಲ್ಲಿ ಅವರೂ ಇದ್ದವರೇ.

ನಡೆದದ್ದನ್ನೆಲ್ಲ ಹೇಳಿದ ಮೇಲೆ ನರ್ಸಮ್ಮ ನಕ್ಕು ಮನೆಗೆ ವಾಪಸ್ ಬಂದರು, ಈಗಲೂ ನೆಮ್ಮದಿಯಾಗಿದ್ದಾರೆ. ಅತ್ತೆ ಮಾತ್ರ ಮಧ್ಯಾಹ್ನ ಒಬ್ಬರೇ ಮನೆಯೊಳಗೆ ಕೂರುವುದಿಲ್ಲ. ಯಗಟಿಯಿಂದ ಯಾರನ್ನೋ ಕರೆಸಿ ತಾಯಿತ ಕಟ್ಟಿಸಿಕೊಂಡರೂ ಭಯ ಹೋಗಿಲ್ಲ. ಮೈ ಇಳಿದಿದೆ.

ಹೋದ ತಿಂಗಳು ನನ್ನನ್ನು ಒಳಗೆ ಕರೆದು ಕೂರಿಸಿ ಕೈ ಹಿಡಿದುಕೊಂಡರು.

"ಆವಾಗ ನಂಗೇನೂ ಕೇಳಿರ್ಲಿಲ್ಲ ಕಣೇ, ಸುಳ್ಳು ಹೇಳ್ದೆ. ಈಗ ದಿನಾ ಕೇಳ್ತದೆ. ಅಂಥದ್ದೇನೂ ಇಲ್ಲ ಅಂತ ನೀನೊಂದ್ಸಲ ಹೇಳ್ಬಿಡು."

ಮರುಕ ಬಂತು, ಇಲ್ಲವೆನ್ನಲಾರೆ. ಒಂದು ಮಾತು ಸಾಕಿತ್ತು ಅವರಿಗೆ. ಕೈ ಬಿಡಿಸಿಕೊಂಡು, ಕಡೂರಿನ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.